ಆ್ಯಪ್ ಬಳಕೆ ದಿಢೀರ್ ಕುಸಿದರೆ ಕಾರಣ ಪತ್ತೆ ಹಚ್ಚುವುದು ಹೇಗೆ? ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಕಲಿಸಿದ ಪಾಠ

2022ರ ಫೆಬ್ರವರಿ 3ರಂದು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದ ಷೇರು ಒಂದೇ ದಿನ ಶೇ.26ರಷ್ಟು ಕುಸಿಯಿತು. ಹೂಡಿಕೆದಾರರ 23,000 ಕೋಟಿ ಡಾಲರ್‌ಗೂ ಹೆಚ್ಚು ಸಂಪತ್ತು ಕರಗಿತು. ಆದಾಯದ ಮುನ್ನೋಟ ಮಂಕಾಗಿದ್ದು, ಆ್ಯಪಲ್‌ನ ಹೊಸ ಖಾಸಗಿತನ ನಿಯಮದ ಹೊಡೆತ ಇದಕ್ಕೆ ಕಾರಣವಾಗಿದ್ದವು. ಅದರ ಜೊತೆ ಹೂಡಿಕೆದಾರರನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಅಂಕಿ. ಫೇಸ್‌ಬುಕ್‌ನ ದಿನನಿತ್ಯದ ಬಳಕೆದಾರರ ಸಂಖ್ಯೆ 193 ಕೋಟಿಯಿಂದ 192.9 ಕೋಟಿಗೆ ಇಳಿದಿತ್ತು. ಇಳಿಕೆ ಚಿಕ್ಕದೇ. ಆದರೆ ಹಿಂದಿನ ತ್ರೈಮಾಸಿಕಕ್ಕಿಂತ ಈ ಸಂಖ್ಯೆ ಕಡಿಮೆಯಾಗಿದ್ದು ಅದೇ ಮೊದಲು.

ಯುವಜನರು ಟಿಕ್‌ಟಾಕ್‌ಗೆ ಹೋದರು ಎಂಬ ವಿವರಣೆ ಕೂಡಲೇ ಕೇಳಿಬಂತು. ಕಂಪನಿಯ ಅಂದಿನ ಹಣಕಾಸು ಮುಖ್ಯಸ್ಥ ಡೇವ್ ವೇನರ್ ಕೂಡ ಪೈಪೋಟಿಯನ್ನು ಒಪ್ಪಿಕೊಂಡರು. ಆದರೆ ಅವರು ಕೊಟ್ಟ ಕಾರಣಗಳಲ್ಲಿ ಭಾರತದ ಹೆಸರೂ ಇತ್ತು. ಇಲ್ಲಿ ಮೊಬೈಲ್ ಡೇಟಾ ಪ್ಯಾಕ್ ದುಬಾರಿಯಾಗಿದ್ದರಿಂದ ಬಳಕೆದಾರರ ಹೆಚ್ಚಳಕ್ಕೆ ಕಡಿವಾಣ ಬಿದ್ದಿದೆ ಎಂದರು. 2021ರ ನವೆಂಬರ್ ಕೊನೆಯಿಂದ ಡಿಸೆಂಬರ್ 1ರೊಳಗೆ ಏರ್‌ಟೆಲ್, ವಿಐ, ಜಿಯೋ ಮೂರೂ ಪ್ರಿಪೇಯ್ಡ್ ದರ ಏರಿಸಿದ್ದವು. ಏರ್‌ಟೆಲ್‌ನ 79 ರೂ. ಕನಿಷ್ಠ ರೀಚಾರ್ಜ್ 99 ರೂ. ಆಗಿತ್ತು.

ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್‌ನಲ್ಲೇ ನಿಷೇಧವಾಗಿತ್ತು. ಹಾಗಾಗಿ ಇಲ್ಲಿನ ಮಂದಗತಿಗೆ ಟಿಕ್‌ಟಾಕ್ ಕಡೆ ಬೊಟ್ಟು ಮಾಡುವಂತಿರಲಿಲ್ಲ. ಒಂದೇ ಅಂಕಿಯ ಹಿಂದೆ ಒಂದೊಂದು ದೇಶದಲ್ಲಿ ಒಂದೊಂದು ಕಾರಣ ಇರುತ್ತದೆ. ಅದಕ್ಕೇ 'ಯಾಕೆ ಬಿತ್ತು' ಎಂದು ಕೇಳುವ ಮೊದಲು 'ಎಲ್ಲಿ ಬಿತ್ತು' ಎಂದು ಕೇಳಬೇಕು.

ಮೊದಲು ಲೆಕ್ಕ ಸರಿಯಿದೆಯೇ?

ಜನ ದಿನಕ್ಕೆಷ್ಟು ಸಲ ಆ್ಯಪ್ ತೆರೆಯುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಲೈಕ್, ಕಾಮೆಂಟ್, ಶೇರ್ ಎಷ್ಟು ಮಾಡುತ್ತಾರೆ ಎಂಬುದನ್ನೆಲ್ಲ ಸೇರಿಸಿ ಎಂಗೇಜ್‌ಮೆಂಟ್ ಎನ್ನುತ್ತಾರೆ. ಅದು ಇಳಿದಂತೆ ಕಂಡಾಗ ಮೊದಲು ಪರೀಕ್ಷಿಸಬೇಕಾದದ್ದು ಅಳತೆಯನ್ನೇ. ಹೊಸ ಅಪ್‌ಡೇಟ್‌ನಲ್ಲಿ ಲೆಕ್ಕ ಇಡುವ ಕೋಡ್ ಕೆಟ್ಟಿದ್ದರೆ ಜನ ಎಂದಿನಂತೆ ಇದ್ದರೂ ಗ್ರಾಫ್ ಮಾತ್ರ ಕೆಳಗಿಳಿಯುತ್ತದೆ.

ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. ವಿಡಿಯೋ ನೋಡುವ ಸರಾಸರಿ ಸಮಯದ ಲೆಕ್ಕದಲ್ಲಿ ತಪ್ಪಾಗಿದೆ ಎಂದು 2016ರಲ್ಲಿ ಫೇಸ್‌ಬುಕ್ ಒಪ್ಪಿಕೊಂಡಿತು. 3 ಸೆಕೆಂಡ್‌ಗಿಂತ ಕಡಿಮೆ ನೋಡಿದವರನ್ನು ಸರಾಸರಿಯಿಂದ ಹೊರಗಿಟ್ಟಿದ್ದರಿಂದ ಸಮಯ ಉಬ್ಬಿ ಕಾಣುತ್ತಿತ್ತು. ಇಂಥ ಲೆಕ್ಕ ಸರಿಪಡಿಸಿದ ದಿನ ಗ್ರಾಫ್ ಬಿದ್ದರೆ ಅದು ನಿಜವಾದ ಕುಸಿತವಲ್ಲ.

ಗ್ರಾಫ್ ಯಾವ ಆಕಾರದಲ್ಲಿ ಬಿದ್ದಿದೆ?

ಸೋಮವಾರವನ್ನು ಭಾನುವಾರದ ಜೊತೆ ಹೋಲಿಸಿದರೆ ಇಲ್ಲದ ಕುಸಿತ ಕಾಣುತ್ತದೆ. ಹಿಂದಿನ ವಾರದ ಅದೇ ದಿನ, ಹಿಂದಿನ ವರ್ಷದ ಅದೇ ಹಬ್ಬ, ಅದೇ ಪರೀಕ್ಷಾ ಸಮಯದ ಜೊತೆ ಹೋಲಿಸಬೇಕು.

ಒಂದು ನಿರ್ದಿಷ್ಟ ಗಂಟೆಯಲ್ಲಿ ಗ್ರಾಫ್ ಧೊಪ್ಪನೆ ಬಿದ್ದಿದ್ದರೆ ತಾಂತ್ರಿಕ ತೊಂದರೆ ಅಥವಾ ಹೊಸ ಅಪ್‌ಡೇಟ್ ಕಡೆ ನೋಡಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು 6 ಗಂಟೆ ಸ್ಥಗಿತಗೊಂಡಿದ್ದವು. ಕಂಪನಿಯದ್ದೇ ನೆಟ್‌ವರ್ಕ್ ನಿರ್ವಹಣೆ ವೇಳೆ ಕೊಟ್ಟ ಒಂದು ಆದೇಶ ಅದಕ್ಕೆ ಕಾರಣ. ವಾರಗಟ್ಟಲೆ ನಿಧಾನವಾಗಿ ಇಳಿಯುತ್ತಿದ್ದರೆ ಪೈಪೋಟಿ, ದರ ಏರಿಕೆ, ಅಭ್ಯಾಸದ ಬದಲಾವಣೆಯನ್ನು ಶಂಕಿಸಬಹುದು.

ತುಂಡು ಮಾಡಿದರೆ ಸುಳಿವು ಸಿಗುತ್ತದೆ

ನಂತರದ ಹೆಜ್ಜೆ ಅಂಕಿಯನ್ನು ಬಿಡಿಸಿ ನೋಡುವುದು. ಆಂಡ್ರಾಯ್ಡ್ ಅಥವಾ ಐಫೋನ್, ಹಳೇ ಆವೃತ್ತಿ ಅಥವಾ ಹೊಸದು, ಯಾವ ದೇಶ, ಯಾವ ಭಾಷೆ, ಯಾವ ವಯಸ್ಸು? ಹೊಸಬರು ಬರುವುದು ನಿಂತಿದೆಯೇ, ಹಳಬರು ಬಿಟ್ಟುಹೋದರೇ, ಅಥವಾ ಅದೇ ಜನ ಕಡಿಮೆ ಸಲ ಬರುತ್ತಿದ್ದಾರೆಯೇ?

ಇದಕ್ಕೆ ಸ್ನ್ಯಾಪ್‌ಚಾಟ್ ಒಳ್ಳೆಯ ಉದಾಹರಣೆ. ಸ್ನೇಹಿತರ ಸ್ಟೋರಿ ಮತ್ತು ಚಾಟ್‌ಗಳನ್ನು ಒಂದೇ ಕಡೆ ಸೇರಿಸಿದ ಹೊಸ ವಿನ್ಯಾಸ 2018ರ ಆರಂಭದಲ್ಲಿ ಎಲ್ಲರಿಗೂ ತಲುಪಿತು. ಹಳೆಯದನ್ನೇ ಕೊಡಿ ಎಂಬ ಆನ್‌ಲೈನ್ ಮನವಿಗೆ 12 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ದಿನನಿತ್ಯದ ಬಳಕೆದಾರರು ಆ ವರ್ಷದ ಮೊದಲ ತ್ರೈಮಾಸಿಕದ 19.1 ಕೋಟಿಯಿಂದ ಎರಡನೆಯದರಲ್ಲಿ 18.8 ಕೋಟಿಗೆ ಇಳಿದರು. ವಿನ್ಯಾಸದ ಗೊಂದಲದಿಂದ ಜನ ಬರುವುದು ಕಡಿಮೆಯಾಗಿದೆ ಎಂದು ಕಂಪನಿಯೇ ಹೇಳಿತು.

ಮೂರನೇ ತ್ರೈಮಾಸಿಕದಲ್ಲಿ ಸಂಖ್ಯೆ 18.6 ಕೋಟಿಗೆ ಬಂತು. ಆಗಿನ ಇಳಿಕೆ ಬಹುಪಾಲು ಆಂಡ್ರಾಯ್ಡ್ ಬಳಕೆದಾರರದ್ದು. ಇದು ವಿನ್ಯಾಸದ ಸಿಟ್ಟು ಮಾತ್ರ ಆಗಿದ್ದರೆ ಐಫೋನ್‌ನಲ್ಲೂ ಅಷ್ಟೇ ಪೆಟ್ಟು ಬೀಳಬೇಕಿತ್ತು. ಕಂಪನಿ ಆಂಡ್ರಾಯ್ಡ್ ಆ್ಯಪ್ ಅನ್ನು ಹೊಸದಾಗಿ ಕಟ್ಟಿ 2019ರಲ್ಲಿ ಬಿಡುಗಡೆ ಮಾಡಿತು. ಹೊಸ ಫಿಲ್ಟರ್‌ಗಳ ಜನಪ್ರಿಯತೆಯೂ ಸೇರಿ, ಆ ವರ್ಷದ ಎರಡನೇ ತ್ರೈಮಾಸಿಕದಲ್ಲಿ ಸಂಖ್ಯೆ 20.3 ಕೋಟಿಗೆ ಏರಿತು.

ಊಹೆ ಸಾಲದು, ಪರೀಕ್ಷೆ ಬೇಕು

ಅಪ್‌ಡೇಟ್ ಬಂದ ವಾರವೇ ಬಳಕೆ ಇಳಿದಿದ್ದರೂ ಅಪ್‌ಡೇಟೇ ಕಾರಣ ಎನ್ನಲಾಗದು. ಅದೇ ವಾರ ಶಾಲೆ ಶುರುವಾಗಿರಬಹುದು. ಅದಕ್ಕೇ ಕೆಲವರಿಗೆ ಹಳೇ ಆವೃತ್ತಿ, ಕೆಲವರಿಗೆ ಹೊಸದು ಕೊಟ್ಟು ಇಬ್ಬರನ್ನೂ ಹೋಲಿಸುತ್ತಾರೆ. ಇದೇ ಎ/ಬಿ ಟೆಸ್ಟ್. ಇಬ್ಬರಲ್ಲೂ ಬಳಕೆ ಒಂದೇ ಸಮ ಇಳಿದರೆ ಕಾರಣ ಬೇರೆಲ್ಲೋ ಇದೆ.

ಎಲ್ಲ ಇಳಿಕೆಯೂ ಕಾಯಿಲೆಯಲ್ಲ ಎಂಬುದನ್ನೂ ಮರೆಯುವಂತಿಲ್ಲ. ವೈರಲ್ ವಿಡಿಯೋಗಳನ್ನು ಕಡಿಮೆ ತೋರಿಸಿದ್ದೂ ಸೇರಿದಂತೆ ತಾವೇ ಮಾಡಿದ ಬದಲಾವಣೆಗಳಿಂದ ಜನ ಫೇಸ್‌ಬುಕ್‌ನಲ್ಲಿ ಕಳೆಯುವ ಸಮಯ ದಿನಕ್ಕೆ ಸುಮಾರು 5 ಕೋಟಿ ಗಂಟೆ ಕಡಿಮೆಯಾಗಿದೆ ಎಂದು 2018ರ ಜನವರಿಯಲ್ಲಿ ಮಾರ್ಕ್ ಜುಕರ್‌ಬರ್ಗ್ ಹೇಳಿದ್ದರು.

ಪುಟ ನಡೆಸುವವರಿಗೂ ಇದೇ ದಾರಿ

ಮುಂಬೈ, ಪುಣೆ, ಹೈದರಾಬಾದ್‌ನಲ್ಲಿ ಕುಳಿತು ಕನ್ನಡದಲ್ಲಿ ಅಡುಗೆ, ಹಾಸ್ಯ ಅಥವಾ ವ್ಯಾಪಾರದ ಪುಟ ನಡೆಸುವವರಿಗೂ ಈ ಕ್ರಮ ಉಪಯೋಗಕ್ಕೆ ಬರುತ್ತದೆ. ಆದಾಯ ಇದರ ಮೇಲೇ ನಿಂತಿರುವವರು ರೀಚ್ ಬಿದ್ದ ಕೂಡಲೇ ಅಲ್ಗಾರಿದಂ ಬೈದು, ವಿಷಯವನ್ನೇ ಬದಲಿಸಿಬಿಡುತ್ತಾರೆ. ಅದಕ್ಕೆ ಮುನ್ನ ಇನ್‌ಸ್ಟಾಗ್ರಾಂನ ಇನ್‌ಸೈಟ್ಸ್ ಅಥವಾ ಯೂಟ್ಯೂಬ್ ಸ್ಟುಡಿಯೋ ತೆರೆದು ಮೂರು ಪ್ರಶ್ನೆಗೆ ಉತ್ತರ ಹುಡುಕಬಹುದು. ಇಳಿದದ್ದು ಫಾಲೋವರ್‌ಗಳ ನೋಟವೋ, ಹೊಸಬರದ್ದೋ? ರೀಲ್ಸ್‌ನದ್ದೋ, ಫೋಟೋ ಪೋಸ್ಟ್‌ನದ್ದೋ? ಎಲ್ಲ ಊರುಗಳಲ್ಲೋ, ಒಂದೆರಡರಲ್ಲೋ?

ಫಾಲೋವರ್‌ಗಳು ಎಂದಿನಂತೆ ನೋಡುತ್ತಿದ್ದು ಹೊಸಬರು ಮಾತ್ರ ಕಡಿಮೆಯಾಗಿದ್ದರೆ, ಪುಟ ಹೊಸಬರ ಕಣ್ಣಿಗೆ ಬೀಳುತ್ತಿಲ್ಲ ಎಂದರ್ಥ. ಆಗ ಹಳಬರು ಮೆಚ್ಚಿದ ವಿಷಯವನ್ನೇ ಬದಲಿಸಲು ಹೊರಟರೆ ಇರುವವರನ್ನೂ ಕಳೆದುಕೊಳ್ಳಬೇಕಾದೀತು.