ಅಕ್ಷರ ಬಾರದ ಕಪ್ತಾನ, ಶಾಲೆಗಳ ಶಾಸಕ

ಅಕ್ಷರ ಕಲಿಸುವುದೇ ಅಪರಾಧವಾಗಿದ್ದ ನಾಡೊಂದನ್ನು ನೀವು ಊಹಿಸಬಲ್ಲಿರಾ? ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದನ್ನು 1834ರ ಕಾನೂನು ನಿಷೇಧಿಸಿತ್ತು. ಅದೇ ರಾಜ್ಯದ ಬ್ಯೂಫರ್ಟ್ ಪಟ್ಟಣದಲ್ಲಿ 1839ರಲ್ಲಿ ಲಿಡಿಯಾ ಎಂಬ ಗುಲಾಮ ತಾಯಿಗೆ ಹುಟ್ಟಿದವರು ರಾಬರ್ಟ್ ಸ್ಮಾಲ್ಸ್.

ಹನ್ನೆರಡರ ವಯಸ್ಸಿಗೇ ಅವರನ್ನು ಚಾರ್ಲ್ಸ್‌ಟನ್ ನಗರಕ್ಕೆ ದುಡಿಯಲು ಕಳುಹಿಸಲಾಯಿತು. ಅಲ್ಲಿ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಹನ್ನಾಳನ್ನು ಮದುವೆಯಾದರು. ಆದರೆ ಹೆಂಡತಿಯಾಗಲಿ, ಹುಟ್ಟಿದ ಮಗಳಾಗಲಿ ಅವರಿಗೆ ಸೇರಿದವರಲ್ಲ, ಯಜಮಾನನ ಆಸ್ತಿ! ಇಬ್ಬರ ಬಿಡುಗಡೆಯ ಬೆಲೆ 800 ಡಾಲರ್. ಸ್ಮಾಲ್ಸ್ ಕೂಡಿಟ್ಟಿದ್ದು ಕೇವಲ 100.

ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಬಂಡೆದ್ದು 1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಬಂಡುಕೋರರ 'ಪ್ಲಾಂಟರ್' ಹಡಗನ್ನು ನಡೆಸುವ ಕೆಲಸ ಸ್ಮಾಲ್ಸ್‌ಗೆ ಬಿತ್ತು. 1862ರ ಮೇ 13ರ ನಸುಕಿನಲ್ಲಿ ಬಿಳಿಯ ಅಧಿಕಾರಿಗಳು ದಡದಲ್ಲಿದ್ದಾಗ ಅವರು ಹಡಗು ಬಿಟ್ಟರು. ಇನ್ನೊಂದು ದಕ್ಕೆಯಲ್ಲಿ ಕಾದಿದ್ದ ಹನ್ನಾ, ಇಬ್ಬರು ಮಕ್ಕಳು ಮತ್ತು ಸಂಗಡಿಗರ ಕುಟುಂಬದವರನ್ನು ಹತ್ತಿಸಿಕೊಂಡರು. ಕಪ್ತಾನನ ಹುಲ್ಲಿನ ಟೊಪ್ಪಿ ಧರಿಸಿ, ಸರಿಯಾದ ಸಿಳ್ಳೆ ಸಂಕೇತ ಕೊಡುತ್ತಾ ಕೋಟೆಗಳ ಫಿರಂಗಿಗಳನ್ನು ದಾಟಿದರು. ಒಂದು ತಪ್ಪು ಸಂಕೇತ ಸಾಕಿತ್ತು, ಎಲ್ಲರ ಪ್ರಾಣ ಹೋಗುತ್ತಿತ್ತು. ಆಚೆ ಉತ್ತರದ ನೌಕೆಗಳು ಕಂಡೊಡನೆ ಹಾಸಿಗೆಯ ಬಿಳಿ ಬಟ್ಟೆಯೊಂದು ಬಾವುಟವಾಗಿ ಮೇಲೇರಿತು.

ಬಳಿಕ ಉತ್ತರದ ಪಡೆಗಳ ಪರ ಹಲವು ಕದನಗಳಲ್ಲಿ ಹಡಗು ನಡೆಸಿ, ಅದೇ ಪ್ಲಾಂಟರ್‌ನ ಕಪ್ತಾನರಾದರು. ಆದರೂ ಅವರಿಗೆ ಓದಲು ಬರುತ್ತಿರಲಿಲ್ಲ. 1864ರಲ್ಲಿ ಹಡಗು ದುರಸ್ತಿಗೆಂದು ಫಿಲಡೆಲ್ಫಿಯಾದಲ್ಲಿ ತಂಗಿದ್ದಾಗ ಪಾಠ ಹೇಳಿಸಿಕೊಂಡು ಅಕ್ಷರ ಕಲಿತರು.

ಆ ಕೊರತೆಯ ನೋವನ್ನು ಅವರು ಮರೆಯಲಿಲ್ಲ. 1868ರಲ್ಲಿ ರಾಜ್ಯದ ಹೊಸ ಸಂವಿಧಾನ ರಚನೆಯಾದಾಗ ಬಣ್ಣದ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಸರಕಾರಿ ಶಾಲೆ ಬೇಕೆಂದು ಪ್ರತಿಪಾದಿಸಿದವರಲ್ಲಿ ಅವರೂ ಪ್ರಮುಖರು. ಅದೇ ವರ್ಷ ರಾಜ್ಯದ ಕೆಳಮನೆಗೆ, 1870ರಲ್ಲಿ ಮೇಲ್ಮನೆಗೆ, ಮುಂದೆ ಅಮೆರಿಕದ ಸಂಸತ್ತಿಗೂ ಆಯ್ಕೆಯಾದರು.

ಆದರೆ ಗೆದ್ದ ಹಕ್ಕು ತಾನಾಗಿ ಉಳಿಯುವುದಿಲ್ಲ. 1895ರಲ್ಲಿ ಮತ್ತೊಂದು ಸಂವಿಧಾನ ಬಂತು. ಓದಲು ಬಾರದ, ಆಸ್ತಿಯಿಲ್ಲದವರ ಮತವನ್ನು ಕಸಿಯುವ ಉಪಾಯ ಅದರಲ್ಲಿತ್ತು. ಗುರಿ ಕಪ್ಪು ಜನರೇ. ಅಕ್ಷರವನ್ನು ಮುಚ್ಚಿಟ್ಟವರೇ ಈಗ ಅಕ್ಷರವಿಲ್ಲವೆಂದು ಬಾಗಿಲು ಮುಚ್ಚಿದರು! ಸ್ಮಾಲ್ಸ್ ಸಭೆಯಲ್ಲಿ ವಾದಿಸಿ ಸೋತರು, ಆದರೆ ಸಹಿ ಹಾಕಲಿಲ್ಲ.

ತಾಯಿ ಗುಲಾಮಳಾಗಿ ದುಡಿದಿದ್ದ ಯಜಮಾನನ ಮನೆಯನ್ನೇ ಕೊಂಡು ಬಾಳಿದ ಅವರು 1915ರಲ್ಲಿ ಅಲ್ಲೇ ಕೊನೆಯುಸಿರೆಳೆದರು. 2023ರಲ್ಲಿ ಅಮೆರಿಕದ ನೌಕಾಪಡೆ ಯುದ್ಧನೌಕೆಯೊಂದಕ್ಕೆ ಅವರ ಹೆಸರಿಟ್ಟಿತು.

ನಾಳೆ ಬೆಳಿಗ್ಗೆ ಮಗಳ ಹೆಗಲಿಗೆ ಶಾಲೆಯ ಚೀಲ ಏರಿಸುವಾಗ ಯೋಚಿಸಿ ನೋಡಿ. ನಮಗೆ ದಿನನಿತ್ಯದ ಕೆಲಸವಾಗಿರುವ ಇದನ್ನು ಪಡೆಯಲು ಎಷ್ಟೋ ತಾಯಂದಿರು ಮಕ್ಕಳೊಂದಿಗೆ ಕತ್ತಲಲ್ಲಿ ಹಡಗು ಹತ್ತಬೇಕಾಯಿತು.