ಅಂಗದ ಊನ, ಗಳಿಕೆಯ ನಷ್ಟ

ರಸ್ತೆ ಅಪಘಾತದಲ್ಲಿ ಶಾಶ್ವತ ಊನಕ್ಕೆ ಒಳಗಾದವರು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿದಾಗ, ಪರಿಹಾರದ ಮೊತ್ತವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮುಂದಿನ ಗಳಿಕೆಯಲ್ಲಿ ಎಷ್ಟು ಪಾಲು ಕೈತಪ್ಪಿತೆಂಬ ಪ್ರಶ್ನೆಯಾಗಿದೆ. ವೈದ್ಯರ ಪ್ರಮಾಣಪತ್ರದಲ್ಲಿರುವ ಶೇಕಡಾವಾರು ಅಂಕಿಯೇ ಇದಕ್ಕೆ ಉತ್ತರವೆಂದು ಅನೇಕರು ಭಾವಿಸುವುದುಂಟಾದರೂ, ಆ ಅಂಕಿ ಅಳೆಯುವುದು ದೇಹದ ಊನವನ್ನೇ ಹೊರತು ದುಡಿಮೆಯ ನಷ್ಟವನ್ನಲ್ಲ.

ಈ ಭೇದವನ್ನು ಸುಪ್ರೀಂ ಕೋರ್ಟ್ 2010ರ ಅಕ್ಟೋಬರ್‌ನ ಒಂದು ತೀರ್ಪಿನಲ್ಲಿ ವಿಶದಪಡಿಸಿತು. ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರು ಬರೆದ ಆ ತೀರ್ಪಿನಂತೆ, ಒಂದು ಕಾಲಿಗೆ ಸಂಬಂಧಿಸಿದ ಶೇ. 45ರ ಊನವನ್ನು ಇಡೀ ದೇಹದ ಊನವೆಂದು ಎಣಿಸಲಾಗದು. ದೇಹದ ಊನವನ್ನು ಹಾಗೆಯೇ ಗಳಿಕೆಯ ನಷ್ಟವೆಂದು ಎಣಿಸುವುದೂ ಸಲ್ಲದು. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಗಳಿಕೆಯ ನಷ್ಟ ನೂರಕ್ಕೆ ನೂರರಷ್ಟಾಗಬಹುದು. ಅದೇ ಊನವುಳ್ಳ ಸರ್ಕಾರಿ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಲ್ಲನಾದರೆ ಅದು ಬಹಳ ಕಡಿಮೆ. ಆದ್ದರಿಂದ ಗಾಯಾಳು ಈಗ ಏನು ಮಾಡಬಲ್ಲ, ಏನು ಮಾಡಲಾರ, ಅಪಘಾತಕ್ಕೆ ಮೊದಲು ಅವನ ವೃತ್ತಿ ಯಾವುದಾಗಿತ್ತು, ಅದನ್ನೋ ಬೇರೊಂದನ್ನೋ ಮಾಡಿ ಜೀವನ ಸಾಗಿಸಬಲ್ಲನೇ ಎಂಬುದನ್ನು ನ್ಯಾಯಮಂಡಳಿ ಪರಿಶೀಲಿಸಬೇಕು. ಹೀಗೆ ನಿರ್ಣಯವಾಗುವ ಪ್ರಮಾಣಕ್ಕೆ ಕ್ರಿಯಾತ್ಮಕ ಅಂಗವೈಕಲ್ಯ ಎಂದು ಹೆಸರು.

ಈ ಪ್ರಮಾಣದ ತೂಕ ಲೆಕ್ಕದಲ್ಲಿ ಕಾಣುತ್ತದೆ. ತಿಂಗಳಿಗೆ 15,000 ರೂಪಾಯಿ ದುಡಿಯುವ 32 ವರ್ಷದ ಕಾರ್ಮಿಕನ ವಾರ್ಷಿಕ ಆದಾಯ 1,80,000 ರೂಪಾಯಿ. ಆ ವಯಸ್ಸಿಗೆ ನ್ಯಾಯಾಲಯಗಳು ಅನ್ವಯಿಸುವ ಗುಣಕ 16. ಆದಾಯದ ಮುಂದಿನ ಏರಿಕೆಯನ್ನು ಬದಿಗಿಟ್ಟರೂ, ನಷ್ಟ ಶೇ. 20 ಎಂದಾದರೆ ದೊರೆಯುವುದು 5,76,000 ರೂಪಾಯಿ, ಶೇ. 40 ಎಂದಾದರೆ 11,52,000 ರೂಪಾಯಿ.

ಇಷ್ಟೊಂದು ಅಂತರ ಉಂಟುಮಾಡುವ ಅಂಕಿಗೆ ಅಳತೆಯ ಆಧಾರ ಒದಗಿಸಬಲ್ಲ ವಿಧಾನವೇ ಕಾರ್ಯಸಾಮರ್ಥ್ಯದ ಮೌಲ್ಯಮಾಪನ. ಇದರಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ಅಥವಾ ಆಕ್ಯುಪೇಷನಲ್ ಥೆರಪಿಸ್ಟರು ಗಾಯಾಳುವಿನಿಂದ ಭಾರ ಎತ್ತಿಸಿ, ಮೆಟ್ಟಿಲು ಹತ್ತಿಸಿ, ಕುಕ್ಕರುಗಾಲಿನಲ್ಲಿ ಕೂರಿಸಿ, ಡೈನಮೋಮೀಟರ್ ಎಂಬ ಸಾಧನದಿಂದ ಮುಷ್ಟಿಯ ಬಿಗಿತ ಅಳೆದು, ಫಲಿತಾಂಶವನ್ನು ಅವನ ಕಸುಬು ಬೇಡುವ ಶ್ರಮದೊಂದಿಗೆ ಹೋಲಿಸುತ್ತಾರೆ. ಪೂರ್ಣ ಬಲ ಹಾಕಿದ್ದಾನೆಯೇ ಎಂದರಿಯಲು ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ನಡೆಸಿ ಅಂಕಿಗಳ ಹೊಂದಾಣಿಕೆಯನ್ನೂ ಹೃದಯ ಬಡಿತವನ್ನೂ ಗಮನಿಸುತ್ತಾರೆ. ಆದರೆ ಅಂಕಿಗಳು ಹೊಂದದಿರುವುದಕ್ಕೆ ನೋವು ಅಥವಾ ಮತ್ತೆ ಪೆಟ್ಟಾದೀತೆಂಬ ಭಯವೂ ಕಾರಣವಾಗಬಹುದಾದ್ದರಿಂದ, ಅದೊಂದರಿಂದಲೇ ಗಾಯಾಳು ನಟಿಸುತ್ತಿದ್ದಾನೆಂದು ತೀರ್ಮಾನಿಸಲಾಗದು. ಕೆಲವು ಗಂಟೆಗಳ ಪರೀಕ್ಷೆಯಲ್ಲಿ ಎತ್ತಿದ ಭಾರವನ್ನು ದಿನವಿಡೀ, ವರ್ಷವಿಡೀ ಎತ್ತಬಲ್ಲನೆಂದೂ ಹೇಳಲಾಗದು.

ಅಂತಿಮ ಪ್ರಮಾಣವನ್ನು ನಿಗದಿಪಡಿಸುವ ಹೊಣೆ ವೈದ್ಯರದಲ್ಲ, ನ್ಯಾಯಮಂಡಳಿಯದು ಎಂದೂ 2010ರ ತೀರ್ಪು ಹೇಳುತ್ತದೆ. ಹಾಗಿರುವಾಗ ಹಮಾಲಿ ಎಷ್ಟು ತೂಕದ ಮೂಟೆ ಹೊರುತ್ತಿದ್ದ, ಗಾರ್ಮೆಂಟ್ಸ್ ಕಾರ್ಮಿಕಳು ಎಷ್ಟು ಹೊತ್ತು ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು ಎಂಬ ವಿವರಗಳು ಸಾಕ್ಷ್ಯದಲ್ಲಿ ದಾಖಲಾಗದಿದ್ದರೆ, ಎಷ್ಟೇ ಎಚ್ಚರದಿಂದ ಮಾಡಿದ ದೇಹದ ಅಳತೆಯೂ ಜೀವನೋಪಾಯದ ನಷ್ಟವನ್ನು ಹೇಳಲಾರದು.