ಲಿಂಕ್ ಒತ್ತಿದರೆ 5,000 ರೂಪಾಯಿ ವೋಚರ್ ಸಿಗುತ್ತಾ? ಅಸಲಿ ವೋಚರ್ ಹೇಗಿರುತ್ತದೆ, ತಿಳಿಯಿರಿ

ಹಬ್ಬ ಹತ್ತಿರ ಬಂದರೆ ಸಾಕು, ಕುಟುಂಬದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇಂಥದ್ದೊಂದು ಸಂದೇಶ ಬರುತ್ತದೆ: ಲಿಂಕ್ ಒತ್ತಿ, ಮೂರು ಪ್ರಶ್ನೆಗೆ ಉತ್ತರಿಸಿ, 10 ಜನರಿಗೆ ಕಳುಹಿಸಿ, 5,000 ರೂಪಾಯಿ ವೋಚರ್ ಪಡೆಯಿರಿ. ಹಾಗಾದರೆ ವೋಚರ್ ಅನ್ನುವುದೆಲ್ಲ ಮೋಸವೇ? ಅಲ್ಲ. ಅಸಲಿ ವೋಚರ್ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೆ ನಕಲಿಯನ್ನು ಗುರುತಿಸುವುದು ಸುಲಭ.

ವೋಚರ್ ಎಂದರೇನು?

ಇಂಥದ್ದಕ್ಕೆ ಮಾತ್ರ ಖರ್ಚು ಮಾಡಬೇಕು ಎಂದು ಮೊದಲೇ ಗೊತ್ತುಮಾಡಿ, ಬೇರೊಬ್ಬರು ಹಣ ಕಟ್ಟಿಟ್ಟಿರುವ ಚೀಟಿಯೇ ವೋಚರ್. ಕಂಪನಿ ಕೊಡುವ ಊಟದ ಕೂಪನ್, ಮದುವೆಯಲ್ಲಿ ಸಿಗುವ ಗಿಫ್ಟ್ ಕಾರ್ಡ್ ಎಲ್ಲವೂ ಇದೇ ಜಾತಿಗೆ ಸೇರಿದವು.

ಸರ್ಕಾರಗಳೂ ಇದನ್ನು ಬಳಸುತ್ತವೆ. ಆಫ್ರಿಕಾದ ತಾಂಜಾನಿಯಾದಲ್ಲಿ 2004ರಿಂದ ಗರ್ಭಿಣಿಯರಿಗೆ ತಪಾಸಣೆಯ ವೇಳೆ ವೋಚರ್ ಕೊಡುವ ಯೋಜನೆ ಆರಂಭವಾಯಿತು. ಅದನ್ನು ಅಂಗಡಿಯಲ್ಲಿ ಕೊಟ್ಟರೆ ಸೊಳ್ಳೆಪರದೆ ಕಡಿಮೆ ಬೆಲೆಗೆ ಸಿಗುತ್ತಿತ್ತು. ಉದ್ದೇಶ ಮಲೇರಿಯಾ ತಡೆಯುವುದು.

ನಮ್ಮಲ್ಲಿರುವ ಇ-ರುಪಿ

ಭಾರತದಲ್ಲಿ 2021ರ ಆಗಸ್ಟ್ 2ರಂದು ಇ-ರುಪಿ ಎಂಬ ಡಿಜಿಟಲ್ ವೋಚರ್ ಜಾರಿಗೆ ಬಂತು. ರೂಪಿಸಿದ್ದು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ. ಸರ್ಕಾರ ಅಥವಾ ಕಂಪನಿ ಬ್ಯಾಂಕಿನ ಮೂಲಕ ನಿಮ್ಮ ಮೊಬೈಲ್ ಸಂಖ್ಯೆಗೆ ಕ್ಯೂಆರ್ ಕೋಡ್ ಅಥವಾ ಎಸ್ಎಂಎಸ್ ಕಳುಹಿಸುತ್ತದೆ. ಸ್ಮಾರ್ಟ್‌ಫೋನ್, ಆ್ಯಪ್, ಬ್ಯಾಂಕ್ ಖಾತೆ ಯಾವುದೂ ಬೇಕಿಲ್ಲ. ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಅದನ್ನು ತೋರಿಸಿದರೆ ನಿಮ್ಮ ಮೊಬೈಲಿಗೆ ದೃಢೀಕರಣ ಸಂಖ್ಯೆ ಬರುತ್ತದೆ. ಅದನ್ನು ಹೇಳಿದ ಮೇಲೆ ಹಣ ನೇರವಾಗಿ ಅವರಿಗೆ ಹೋಗುತ್ತದೆ. ನಗದಾಗಿ ಪಡೆಯಲು ಆಗುವುದಿಲ್ಲ.

2021ರ ಡಿಸೆಂಬರ್‌ನಲ್ಲಿ, ವಿದ್ಯಾರ್ಥಿಗಳ ಶುಲ್ಕ ಪಾವತಿಗೆ ಇ-ರುಪಿ ಬಳಸುವುದಾಗಿ ಕರ್ನಾಟಕ ಸರ್ಕಾರ, ಎಸ್‌ಬಿಐ ಮತ್ತು ಎನ್‌ಪಿಸಿಐ ಪ್ರಕಟಿಸಿದವು. ಸರ್ಕಾರಿ ವೋಚರ್‌ಗಳ ಮಿತಿ ಮೊದಲು 10,000 ರೂಪಾಯಿ ಇತ್ತು. 2022ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು 1 ಲಕ್ಷಕ್ಕೆ ಏರಿಸಿತು.

ಒಂದು ಗೊಂದಲ

'ಒಟಿಪಿ ಯಾರಿಗೂ ಹೇಳಬೇಡಿ ಅನ್ನುತ್ತಾರಲ್ಲ, ಇಲ್ಲಿ ಹೇಳಬೇಕಾ?' ಎಂದು ನೀವು ಕೇಳಬಹುದು. ಇಲ್ಲಿ ಸಂಖ್ಯೆ ಹೇಳುವುದು ನೀವೇ ಕೌಂಟರ್ ಮುಂದೆ ನಿಂತು ಸೇವೆ ಪಡೆಯುವಾಗ ಮಾತ್ರ. 'ನಿಮ್ಮ ವೋಚರ್ ಆ್ಯಕ್ಟಿವೇಟ್ ಮಾಡ್ತೀವಿ, ನಂಬರ್ ಹೇಳಿ' ಎಂದು ಯಾರಾದರೂ ಫೋನ್ ಮಾಡಿದರೆ ಹೇಳಲೇಬೇಡಿ.

ನಕಲಿಯನ್ನು ಹೀಗೆ ಗುರುತಿಸಿ

• ಹತ್ತು ಜನರಿಗೆ ಕಳುಹಿಸಿ ಎನ್ನುತ್ತದೆ. ಅಸಲಿ ಇ-ರುಪಿ ಬರುವುದು ನಿಮ್ಮೊಬ್ಬರ ಸಂಖ್ಯೆಗೆ. ಫಾರ್ವರ್ಡ್ ಮಾಡುವ ಪ್ರಶ್ನೆಯೇ ಇಲ್ಲ.
• ಯುಪಿಐ ಪಿನ್ ಕೇಳುತ್ತದೆ. ಪಿನ್ ಬೇಕಾಗುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ.
• 'ಪ್ರೊಸೆಸಿಂಗ್ ಶುಲ್ಕ' ಎಂದು ಮೊದಲೇ ಹಣ ಕೇಳುತ್ತದೆ.
• ಆ್ಯಪ್ ಇನ್‌ಸ್ಟಾಲ್ ಮಾಡಲು ಹೇಳುತ್ತದೆ. ಎಪಿಕೆ ಫೈಲ್ ಒತ್ತಿದರೆ ಫೋನಿನ ಎಸ್ಎಂಎಸ್‌ಗಳೆಲ್ಲ ವಂಚಕರ ಕೈ ಸೇರಬಹುದು.

ಈಗಾಗಲೇ ಹಣ ಕಳೆದುಕೊಂಡಿದ್ದರೆ ನಾಚಿಕೆ ಪಡುತ್ತಾ ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಒಟ್ಟಿನಲ್ಲಿ: ವೋಚರ್ ನಿಜ, ಫಾರ್ವರ್ಡ್ ಆಗಿ ಬರುವ ಈ ಉಚಿತ ವೋಚರ್ ಸುಳ್ಳು. ಗ್ರೂಪ್‌ನಲ್ಲಿ ಅಂಥ ಲಿಂಕ್ ಕಂಡರೆ ಮುಂದೆ ಕಳುಹಿಸಬೇಡಿ, ಹಾಕಿದವರಿಗೆ ಫೋನ್ ಮಾಡಿ ತಿಳಿಸಿ.